ಔಷಧವಿದ್ಯೆಯೂ ಐದು ನೂರು ಗಂಟೆಗಳೂ

ವೈದ್ಯರು ಚೀಟಿ ಬರೆದುಕೊಟ್ಟು ಮುಂದಿನ ರೋಗಿಯನ್ನು ಒಳಕ್ಕೆ ಕರೆದ ಮೇಲೆ, ಹೊರಗೆ ಬಂದ ರೋಗಿಯೊಡನೆ ಔಷಧದ ವಿಷಯವಾಗಿ ಮಾತನಾಡುವ ಕೊನೆಯ ಮನುಷ್ಯನೆಂದರೆ ಔಷಧದ ಅಂಗಡಿಯಲ್ಲಿ ನಿಂತ ಫಾರ್ಮಸಿಸ್ಟನು. ಅವನ ಮಾತು ಮುಗಿದ ಬಳಿಕ ರೋಗಿಯೂ ಅವನ ಕೈಯೊಳಗಣ ಪೊಟ್ಟಣವೂ ಮನೆಯನ್ನು ಸೇರುವುವು. ಅಲ್ಲಿ ತಪ್ಪು ನಡೆದರೆ ತಿದ್ದುವವರಾರೂ ಇಲ್ಲ. ಇಂಥ ಹೊಣೆಯ ಸ್ಥಾನದಲ್ಲಿ ನಿಲ್ಲತಕ್ಕವನನ್ನು ನಮ್ಮ ಕಾಲೇಜುಗಳು ಯಾವ ರೀತಿಯಿಂದ ತಯಾರು ಮಾಡುತ್ತಿವೆ ಎಂಬ ಪ್ರಶ್ನೆಯು ಸಾಮಾನ್ಯವಾಗಿ ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ವೈದ್ಯಕೀಯ ಕಾಲೇಜುಗಳ ವಿಷಯ ಬಂದರೆ ಪತ್ರಿಕೆಗಳಲ್ಲಿ ಅಂಕಣಗಳು ತುಂಬುತ್ತವೆ. ಫಾರ್ಮಸಿ ಕಾಲೇಜೆಂದರೆ ಪ್ರವೇಶದ ಜಾಹೀರಾತಿನ ಹೊರತು ಮತ್ತೇನೂ ಕಾಣುವುದಿಲ್ಲ. ಆದುದರಿಂದಲೇ ಇಂದು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಒಂದು ಉದಾಹರಣೆಯಿಂದ ಮಾತು ಸ್ಪಷ್ಟವಾದೀತು. ಮೆಥೋಟ್ರೆಕ್ಸೇಟ್ ಎಂಬ ಔಷಧವನ್ನು ಕೀಲುವಾತದ ರೋಗಿಗಳಿಗೆ ಕೊಡುವುದುಂಟು. ಅದನ್ನು ನುಂಗಬೇಕಾದದ್ದು ವಾರಕ್ಕೊಮ್ಮೆ. ನಮ್ಮ ಜನರಿಗಾದರೋ ಗುಳಿಗೆಯೆಂದರೆ ದಿನವೂ ನುಂಗುವ ವಸ್ತು. ಚೀಟಿಯಲ್ಲಿ 'ವಾರಕ್ಕೊಮ್ಮೆ' ಎಂದು ಬರೆದಿದ್ದರೂ, ಅದು ಓದಲು ಬಾರದ ಭಾಷೆಯಲ್ಲಿ, ಓದಲಾಗದ ಅಕ್ಷರದಲ್ಲಿ ಇರುತ್ತದೆ. ಮನೆಗೆ ಹೋದ ರೋಗಿಯು ದಿನಕ್ಕೊಂದರಂತೆ ನುಂಗಿದನೆಂದರೆ ಕೆಲವೇ ದಿನಗಳಲ್ಲಿ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು, ಪ್ರಾಣಕ್ಕೇ ಸಂಚಕಾರ ಬರುತ್ತದೆ. ಇಂಥ ಮರಣಗಳು ಅನೇಕ ದೇಶಗಳಲ್ಲಿ ದಾಖಲೆಯಾಗಿವೆ. ಇದನ್ನು ತಡೆಯಲು ಬೇಕಾದುದು ಮೂರು ಮಾತು: "ಇದು ವಾರಕ್ಕೆ ಒಂದೇ ದಿನ. ಯಾವ ವಾರ ಅಂತ ಈಗಲೇ ಗೊತ್ತು ಮಾಡಿಕೊಳ್ಳಿ. ಮರೆತರೆ ಎರಡು ಸೇರಿಸಿ ನುಂಗಬೇಡಿ, ಬಂದು ಕೇಳಿ."

ಈ ಔಷಧವು ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವವನ್ನು ತಡೆಹಿಡಿಯುತ್ತದೆಂಬುದನ್ನು ನಮ್ಮ ವಿದ್ಯಾರ್ಥಿಗಳು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಅದನ್ನು ಬರೆದು ಪೂರ್ಣ ಅಂಕಗಳನ್ನೂ ಪಡೆಯುತ್ತಾರೆ. ಆದರೆ ಮೇಲಿನ ಮೂರು ಮಾತುಗಳನ್ನು ಅವರ ಬಾಯಿಂದ ಒಮ್ಮೆಯಾದರೂ ಆಡಿಸಿ, ಕೇಳಿ, ತಿದ್ದಿದ ಅಧ್ಯಾಪಕರು ಎಷ್ಟು ಜನ?

ನಾವು ಈ ವಿದ್ಯೆಯ ಹಿರಿಮೆಯನ್ನು ಕಡಮೆ ಮಾಡಿ ಹೇಳುವವರಲ್ಲ. ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ 1930ರಲ್ಲಿ ನೇಮಕವಾದ ಔಷಧ ವಿಚಾರಣಾ ಸಮಿತಿಯು ಮರುವರ್ಷ ತನ್ನ ವರದಿಯನ್ನೊಪ್ಪಿಸಿದಾಗ ದೇಶದಲ್ಲಿ ಕಲಬೆರಕೆಯ ಔಷಧಗಳಿಗೆ ಲೆಕ್ಕವಿರಲಿಲ್ಲ, ಔಷಧ ಕೊಡುವವನಿಗೆ ವಿದ್ಯೆ ಬೇಕೆಂಬ ನಿಯಮವಿರಲಿಲ್ಲ. 1932ರಲ್ಲಿ ಮಹಾದೇವಲಾಲ್ ಶ್ರಾಫ್ ಅವರು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಈ ಶಾಸ್ತ್ರದ ಉಚ್ಚ ಶಿಕ್ಷಣವನ್ನು ಆರಂಭಿಸಿದರು. 1940ರಲ್ಲಿ ಔಷಧಗಳ ಕಾಯಿದೆ, 1948ರಲ್ಲಿ ಫಾರ್ಮಸಿ ಕಾಯಿದೆ ಬಂದವು. ನಮ್ಮ ನಾಡಿನಲ್ಲಿ ಮಣಿಪಾಲದ ಕಾಲೇಜು 1963ರಲ್ಲಿ, ಬೆಂಗಳೂರಿನ ಸರಕಾರಿ ಕಾಲೇಜು 1964ರಲ್ಲಿ, ಮೈಸೂರಿನ ಜೆ.ಎಸ್.ಎಸ್. ಕಾಲೇಜು 1973ರಲ್ಲಿ ಹುಟ್ಟಿದವು. ಇವುಗಳಿಂದ ಹೊರಬಿದ್ದವರು ಕಾರಖಾನೆಗಳನ್ನು ಕಟ್ಟಿದ್ದಾರೆ, ಪ್ರಯೋಗಶಾಲೆಗಳನ್ನು ನಡೆಸಿದ್ದಾರೆ. ಅದಕ್ಕೂ ಹಿಂದೆ ದವಾಖಾನೆಯ ಕಂಪೌಂಡರನು ಸೀಸೆಗೆ ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿ, ಒಂದೊಂದು ಹಲ್ಲಿಗೆ ಒಂದೊಂದು ಹೊತ್ತಿನ ಮದ್ದೆಂದು ತೋರಿಸಿಕೊಡುತ್ತಿದ್ದುದನ್ನು ನಮ್ಮ ಹಿರಿಯ ವಾಚಕರು ನೆನೆದಾರು. ಅವನಿಗೆ ಶಾಸ್ತ್ರ ತಿಳಿದಿರಲಿಲ್ಲ. ಆದರೆ ಓದುಬಾರದ ಮುದುಕಿಗೂ ತಿಳಿಯುವಂತೆ ಔಷಧ ಕೊಡುವ ಬಗೆ ಗೊತ್ತಿತ್ತು. ಶಾಸ್ತ್ರವು ಬಂದಾಗ ಆ ಬಗೆಯು ಹೋಗಬೇಕೆಂದೇನೂ ಇರಲಿಲ್ಲ.

ಕಾಲೇಜಿನ ಒಳಗೆ ನಡೆಯುವುದೇನು? ಅಧ್ಯಾಪಕರು ಹಿಂದೆ ಟಿಪ್ಪಣಿಯನ್ನು ಹೇಳಿ ಬರೆಯಿಸುತ್ತಿದ್ದರು. ಈಗ ಅದೇ ಟಿಪ್ಪಣಿಯು ಗೋಡೆಯ ಮೇಲೆ ಬೆಳಕಾಗಿ ಬೀಳುತ್ತದೆ. ವಿದ್ಯಾರ್ಥಿಗಳು ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಾರೆ. ಬರೆಯುವಾಗಿನ ಶ್ರಮವೂ ಉಳಿಯಿತು, ಬರೆಯುವಾಗ ಆಗುತ್ತಿದ್ದ ಅಷ್ಟಿಷ್ಟು ಕಲಿಕೆಯೂ ಹೋಯಿತು! ಪರೀಕ್ಷೆ ಹತ್ತಿರವಾದೊಡನೆ ಹಿಂದಿನ ಐದಾರು ವರ್ಷಗಳ ಪ್ರಶ್ನೆಗಳ ಸಂಗ್ರಹವು ಕೈಯಿಂದ ಕೈಗೆ ಹೋಗುತ್ತದೆ. ಇದು ಫಾರ್ಮಸಿ ಕಾಲೇಜಿನ ದೋಷವಷ್ಟೇ ಅಲ್ಲ, ನಮ್ಮ ಶಿಕ್ಷಣಕ್ರಮದ ಸಾರ್ವತ್ರಿಕ ದೋಷವೆಂದು ಕೆಲವರು ಹೇಳುವರು. ಒಪ್ಪುತ್ತೇವೆ. ಆದರೆ ಇತಿಹಾಸದ ಪದವೀಧರನು ಇಸವಿಯನ್ನು ಮರೆತರೆ ಯಾರ ಮೂತ್ರಪಿಂಡವೂ ಕೆಡುವುದಿಲ್ಲ.

ಪ್ರಯೋಗಶಾಲೆಯ ಸ್ಥಿತಿಯು ಇನ್ನೂ ವಿಚಾರಾರ್ಹವಾಗಿದೆ. ಮೀನೆಣ್ಣೆಯನ್ನು ನೀರಿನೊಡನೆ ಬೆರೆಸಿ ಹಾಲಿನಂಥ ದ್ರವವನ್ನು ಮಾಡುವುದು ಈ ವಿದ್ಯೆಯ ಹಳೆಯ ಪಾಠ. ನಾಲ್ಕು ಪಾಲು ಎಣ್ಣೆ, ಎರಡು ಪಾಲು ನೀರು, ಒಂದು ಪಾಲು ಅಕೇಸಿಯದ ಗೋಂದು. ಒಣಗಿದ ಕಲ್ವದಲ್ಲಿ ಗೋಂದನ್ನೂ ಎಣ್ಣೆಯನ್ನೂ ಅರೆದು, ನೀರನ್ನೆಲ್ಲ ಒಮ್ಮೆಲೇ ಸುರಿದು, ಒಂದೇ ದಿಕ್ಕಿನಲ್ಲಿ ಬೇಗಬೇಗನೆ ಅರೆಯುತ್ತ ಹೋದರೆ ಮಿಶ್ರಣವು ಬೆಳ್ಳಗಾಗಿ, ಗುಂಡಿನ ಕೆಳಗೆ ಚಟಚಟನೆ ಸದ್ದು ಮಾಡಲಾರಂಭಿಸುತ್ತದೆ. ಆ ಸದ್ದು ಕೇಳಿಸಿತೆಂದರೆ ಕೆಲಸ ಕೂಡಿಬಂದಂತೆ. ಕೇಳಿಸದಿದ್ದರೆ ಮತ್ತೆಷ್ಟು ನೀರು ಹಾಕಿದರೂ ಎಣ್ಣೆ ಮೇಲಕ್ಕೆ ತೇಲುತ್ತದೆ. ನಾಲ್ಕು-ಎರಡು-ಒಂದು ಎಂಬ ಲೆಕ್ಕವನ್ನು ಎಲ್ಲರೂ ಬಲ್ಲರು. ಇಪ್ಪತ್ತು ಜನರ ತಂಡದಲ್ಲಿ ಕಲ್ವವನ್ನು ಹಿಡಿದವರು ನಾಲ್ವರು, ಸುತ್ತ ನಿಂತು ನೋಡಿದವರು ಹದಿನಾರು ಜನರಾದರೆ ಆ ಸದ್ದನ್ನು ತನ್ನ ಕೈಯಿಂದ ಎಬ್ಬಿಸಿದವರೆಷ್ಟು?

ಪುಡಿಗಳನ್ನು ಬೆರೆಸುವ ಪಾಠವೂ ಹೀಗೆಯೇ. ಕೆಲವೇ ಮಿಲಿಗ್ರಾಂ ತೂಗುವ ಉಗ್ರವಾದ ಔಷಧವನ್ನು ಹಿಡಿ ಸಕ್ಕರೆಯ ಪುಡಿಯಲ್ಲಿ ಒಮ್ಮೆಲೇ ಹಾಕಿ ಕಲಸಿದರೆ ಒಂದು ಪೊಟ್ಟಣದಲ್ಲಿ ವಿಷ, ಇನ್ನೊಂದರಲ್ಲಿ ಬರಿಯ ಸಕ್ಕರೆ. ಆದುದರಿಂದ ಮೊದಲು ಔಷಧದಷ್ಟೇ ಸಕ್ಕರೆ, ಆಮೇಲೆ ಆದ ಮಿಶ್ರಣದಷ್ಟೇ ಸಕ್ಕರೆ, ಹೀಗೆ ಇಮ್ಮಡಿ ಇಮ್ಮಡಿಯಾಗಿ ಬೆಳೆಸುತ್ತ ಹೋಗಬೇಕು. ದೊಡ್ಡ ಕಾರಖಾನೆಯ ಯಂತ್ರದಲ್ಲಿ ಗುಳಿಗೆಯ ಪುಡಿ ಬೆರೆಯುವುದೂ ಇದೇ ತತ್ತ್ವದ ಮೇಲೆ. ಕೈಯಿಂದ ಮಾಡಿ ನೋಡಿದವನಿಗೆ ಯಂತ್ರದ ತಪ್ಪು ಕಂಡೀತು.

ಇಲ್ಲಿ ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಪ್ರಯೋಗದ ಜರ್ನಲುಗಳನ್ನು ಹಿಂದಿನ ವರ್ಷದವರ ಜರ್ನಲಿನಿಂದ ನಕಲು ಮಾಡುವ ಪದ್ಧತಿಯು ಎಲ್ಲರಿಗೂ ಗೊತ್ತಿದ್ದದ್ದೇ. ಬ್ಯುರೆಟ್ಟಿನಲ್ಲಿ ದ್ರವ ಇಳಿಯುವ ಮೊದಲೇ ಅಂಕಿಗಳು ಪುಟದ ಮೇಲೆ ಇಳಿದಿರುತ್ತವೆ. ಬಂದ ಉತ್ತರ ಪುಸ್ತಕದ ಉತ್ತರಕ್ಕೆ ಕೂಡದಿದ್ದರೆ, ಏಕೆ ಕೂಡಲಿಲ್ಲವೆಂದು ಹುಡುಕುವ ಬದಲು ಅಂಕಿಯನ್ನೇ ತಿದ್ದುತ್ತಾರೆ. ಅಧ್ಯಾಪಕರು ಕೆಂಪು ಶಾಯಿಯ ಸಹಿ ಹಾಕುತ್ತಾರೆ. ಇದನ್ನು ಹುಡುಗಾಟಿಕೆಯೆಂದು ನಕ್ಕು ಬಿಡುವವರು ಮುಂದಿನ ಸಂಗತಿಯನ್ನು ಗಮನಿಸಬೇಕು. 1937ರಲ್ಲಿ ಅಮೇರಿಕೆಯಲ್ಲಿ ಸಲ್ಫಾನಿಲಮೈಡನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಕರಗಿಸಿ ಮಾರಿದರು. ರುಚಿ ನೋಡಿದರು, ಬಣ್ಣ ನೋಡಿದರು, ವಾಸನೆ ನೋಡಿದರು. ವಿಷವೋ ಅಲ್ಲವೋ ಎಂದು ನೋಡಲಿಲ್ಲ. ನೂರಕ್ಕಿಂತ ಹೆಚ್ಚು ಜನ ಸತ್ತರು. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಅದೇ ವಿಷವು ಗ್ಲಿಸರಿನ್ನಿನಲ್ಲಿ ಸೇರಿಬಂದು ಹದಿನಾಲ್ಕು ರೋಗಿಗಳು ಸತ್ತರು. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯಲ್ಲಿ ಕೆಮ್ಮಿನ ಔಷಧ ಕುಡಿದ ಎಳೆಯ ಮಕ್ಕಳ ಮೂತ್ರಪಿಂಡಗಳು ನಿಂತುಹೋದವು. ಸತ್ತ ಮಕ್ಕಳ ಸಂಖ್ಯೆ ಇಪ್ಪತ್ತನ್ನು ಮೀರಿತು. ತಮಿಳುನಾಡಿನ ಸರಕಾರಿ ಪ್ರಯೋಗಶಾಲೆಯು ಆ ಔಷಧದಲ್ಲಿ ಕಂಡ ಡೈಎಥಿಲೀನ್ ಗ್ಲೈಕಾಲಿನ ಪ್ರಮಾಣ ಶೇಕಡಾ 48.6, ಇರಬಹುದಾದ ಮಿತಿಯು ಶೇಕಡಾ 0.1.

ಆ ಕಾರಖಾನೆಯಲ್ಲಿ ಯಾರು ಎಲ್ಲಿ ಕಲಿತಿದ್ದರೆಂಬ ಚರ್ಚೆಗೆ ನಾವು ಹೋಗುವುದಿಲ್ಲ; ಅದು ನ್ಯಾಯಾಲಯದ ಕೆಲಸ. ಆದರೆ ಬಂದ ಪೀಪಾಯಿಗಳನ್ನು ಒಂದೊಂದಾಗಿ ತೆರೆದು ಪರೀಕ್ಷಿಸುವ ಬದಲು ಮಾರಿದವನು ಕೊಟ್ಟ ಪ್ರಮಾಣಪತ್ರದ ಅಂಕಿಯನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳುವ ರಸಾಯನಜ್ಞನಿಗೂ, ಹಿಂದಿನವರ ಜರ್ನಲಿನ ಅಂಕಿಯನ್ನು ತನ್ನದಕ್ಕೆ ಇಳಿಸಿಕೊಳ್ಳುವ ವಿದ್ಯಾರ್ಥಿಗೂ ಇರುವ ಅಂತರವೆಷ್ಟು? ಮೊದಲನೆಯದು ಎರಡನೆಯದರ ಮುಂದುವರಿದ ರೂಪವೆಂದೇ ನಮಗೆ ತೋರುತ್ತದೆ. ಒಂದು ಕಾಲೇಜಿನ ಅಧ್ಯಾಪಕರು ಪ್ರತಿ ವಿದ್ಯಾರ್ಥಿಗೂ ಬೇರೆ ಬೇರೆ ಬಲದ ದ್ರವವನ್ನು ಕೊಟ್ಟು, ಬಲವೆಷ್ಟೆಂಬುದನ್ನು ತಮ್ಮಲ್ಲೇ ಗುಟ್ಟಾಗಿ ಇಟ್ಟುಕೊಂಡರೆ ನಕಲಿಗೆ ಅವಕಾಶವೇ ಇರದು. ಇದಕ್ಕೆ ಹೊಸ ಉಪಕರಣ ಬೇಕಿಲ್ಲ, ಅನುದಾನ ಬೇಕಿಲ್ಲ. ಅಧ್ಯಾಪಕರಿಗೆ ಹಿಂದಿನ ದಿನ ಒಂದು ಗಂಟೆಯ ಹೆಚ್ಚಿನ ಕೆಲಸ ಮಾತ್ರ.

ಪಾಠಗಳು ಒಂದಕ್ಕೊಂದು ಮುಖ ತಿರುಗಿಸಿ ಕೂತಿರುವುದು ಇನ್ನೊಂದು ನ್ಯೂನತೆ. ಲೋಹದ ಕಣವನ್ನು ಕೆಲವು ಅಣುಗಳು ಇಕ್ಕುಳದಂತೆ ಹಿಡಿದುಕೊಳ್ಳುವ ಸಂಗತಿಯನ್ನು ರಸಾಯನದ ಅಧ್ಯಾಪಕರು ಮೊದಲ ವರ್ಷ ಕಲಿಸುತ್ತಾರೆ. ಟೆಟ್ರಾಸೈಕ್ಲಿನ್, ಸಿಪ್ರೋಫ್ಲಾಕ್ಸಾಸಿನ್ ಮೊದಲಾದ ಔಷಧಗಳ ಗುಣಗಳನ್ನು ಇನ್ನೊಬ್ಬರು ಮುಂದೆಂದೋ ಕಲಿಸುತ್ತಾರೆ. ಹಾಲಿನಲ್ಲಿರುವ ಸುಣ್ಣದ ಅಂಶವನ್ನು ಈ ಔಷಧಗಳು ಹಿಡಿದುಕೊಂಡು ರಕ್ತಕ್ಕೆ ಸೇರದೆ ಹೋಗುವುವೆಂದೂ, ಆದುದರಿಂದ ಗುಳಿಗೆಯನ್ನು ಹಾಲಿನೊಡನೆ ನುಂಗಬಾರದೆಂದೂ ರೋಗಿಗೆ ಹೇಳಬೇಕಾದ ಹೊತ್ತಿಗೆ ಎರಡು ಪಾಠಗಳೂ ತಲೆಯಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡಿರುತ್ತವೆ. ಕಬ್ಬಿಣದ ಗುಳಿಗೆಯನ್ನು ಚಹದೊಡನೆ ನುಂಗುವ ಗರ್ಭಿಣಿಯರು ನಮ್ಮಲ್ಲಿ ಎಷ್ಟಿಲ್ಲ! ಕೆನಡಾ ದೇಶದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಶಾಲೆಯು 1969ರಿಂದಲೇ ಪಾಠವನ್ನು ರೋಗಿಯ ಸಮಸ್ಯೆಯಿಂದ ಆರಂಭಿಸಿ, ಬೇಕಾದ ಶಾಸ್ತ್ರವನ್ನು ವಿದ್ಯಾರ್ಥಿಗಳೇ ಸಣ್ಣ ಗುಂಪುಗಳಲ್ಲಿ ಹುಡುಕಿ ತರುವಂತೆ ಮಾಡಿತು. ಅದನ್ನು ಪೂರ್ತಿಯಾಗಿ ತರಬೇಕೆಂದು ನಾವು ಹೇಳುವುದಿಲ್ಲ. ವಾರಕ್ಕೆ ಒಂದು ಚೀಟಿಯನ್ನು ಮುಂದಿಟ್ಟುಕೊಂಡು ರಸಾಯನದವರೂ ಔಷಧಗುಣದವರೂ ಒಂದೇ ಕೊಠಡಿಯಲ್ಲಿ ಕೂತು ಚರ್ಚಿಸಿದರೆ ಸಾಕು.

ಹಾಗೆಂದು ಹೊಸದೆಲ್ಲವೂ ಕೆಟ್ಟದ್ದಲ್ಲ. ಕಪ್ಪೆಯ ಹೃದಯವನ್ನೂ ಗಿನಿಪಿಗ್ಗಿನ ಕರುಳನ್ನೂ ಕತ್ತರಿಸಿ, ಮಸಿ ಹಿಡಿಸಿದ ಕಾಗದದ ಉರುಳೆಯ ಮೇಲೆ ಗೆರೆ ಎಳೆಯಿಸುತ್ತಿದ್ದ ಪಾಠವು ಈಗ ಪದವಿ ತರಗತಿಗಳಲ್ಲಿ ಗಣಕಯಂತ್ರದ ಅನುಕರಣಕ್ಕೆ ಎಡೆಗೊಟ್ಟಿದೆ. ಜಿಪ್ಮೆರಿನಲ್ಲಿ ರಚಿತವಾದ ಎಕ್ಸ್‌ಫಾರ್ಮ್ ಎಂಬ ತಂತ್ರಾಂಶವನ್ನು ನಮ್ಮ ಅನೇಕ ಕಾಲೇಜುಗಳು ಬಳಸುತ್ತವೆ. ಮೂಕ ಪ್ರಾಣಿಗಳು ಉಳಿದುವು, ಪಾಠವೂ ಕೆಡಲಿಲ್ಲ.

ಇನ್ನು ಭಾಷೆಯ ವಿಷಯ. ಡಿಪ್ಲೊಮಾ ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಬಹಳ ಜನ ಹಳ್ಳಿಯ ಶಾಲೆಗಳಲ್ಲಿ ಕನ್ನಡದಲ್ಲಿ ಓದಿ ಬಂದವರು. ಇಲ್ಲಿ ಅವರಿಗೆ ಎಲ್ಲವೂ ಇಂಗ್ಲಿಷು. ತಿಳಿಯದ ವಾಕ್ಯವನ್ನು ಬಾಯಿಪಾಠ ಮಾಡುವುದೊಂದೇ ಅವರಿಗೆ ಉಳಿದ ದಾರಿ. ಶಾಸ್ತ್ರದ ಪರಿಭಾಷೆ ಇಂಗ್ಲಿಷಿನಲ್ಲಿರುವುದಕ್ಕೆ ನಮ್ಮ ತಕರಾರಿಲ್ಲ. ಔಷಧಗಳ ಹೆಸರು ಲೋಕಕ್ಕೆಲ್ಲ ಒಂದೇ ಆಗಿರುವುದು ಕ್ಷೇಮ. ವಿಚಿತ್ರವೆಂದರೆ, ಎರಡು ವರ್ಷ ಇಂಗ್ಲಿಷಿನಲ್ಲಿ ಉರುಹೊಡೆದವನು ಮೂರನೆಯ ವರ್ಷ ಗದಗಿನಲ್ಲೋ ಚಳ್ಳಕೆರೆಯಲ್ಲೋ ಅಂಗಡಿಯಲ್ಲಿ ನಿಂತು ಪೂರ್ತಿ ಕನ್ನಡದಲ್ಲಿ ವ್ಯವಹರಿಸಬೇಕು. ಆ ಕನ್ನಡವನ್ನು ಅವನಿಗೆ ಯಾರೂ ಕಲಿಸಿಲ್ಲ. ಕನ್ನಡ ತಾಯ್ನುಡಿಯಲ್ಲವೇ, ಕಲಿಸುವುದೇನು ಎಂದು ಕೇಳಬಹುದು. "ಒಂದು ಚಮಚ" ಎಂದರೆ ಯಾವ ಚಮಚ? ಔಷಧದ ಲೆಕ್ಕದಲ್ಲಿ ಅದು ಐದು ಮಿಲಿಲೀಟರು. ಅಡುಗೆಮನೆಯ ಚಮಚಗಳಲ್ಲಿ ಎರಡು ಒಂದೇ ಅಳತೆಯವಾಗಿರುವುದಿಲ್ಲ. "ದಿನಕ್ಕೆ ಮೂರು ಸಲ" ಎಂದರೆ ಹೊಲಕ್ಕೆ ಹೋಗಿ ಎರಡು ಹೊತ್ತು ಉಣ್ಣುವವನು ಏನು ಮಾಡಬೇಕು? ಕೂಸಿಗೆ ಕೊಡುವ ಪುಡಿಯ ಔಷಧಕ್ಕೆ ಕಾಯಿಸಿ ಆರಿಸಿದ ನೀರನ್ನು ಸೀಸೆಯ ಗೆರೆಯವರೆಗೆ ಮಾತ್ರ ಹಾಕಬೇಕೆಂಬುದನ್ನು, ಇನ್ಸುಲಿನ್ನನ್ನು ತಂಪು ಪೆಟ್ಟಿಗೆಯಲ್ಲಿಡಬೇಕು ಆದರೆ ಹೆಪ್ಪುಗಟ್ಟಬಾರದೆಂಬುದನ್ನು, ಯಾರಿಗೂ ಅವಮಾನವಾಗದಂತೆ, ಅಜ್ಜನಿಗೂ ಹಸಿಬಾಣಂತಿಗೂ ತಿಳಿಯುವಂತೆ, ಹಿಂದೆ ನಾಲ್ಕು ಜನ ಕಾದಿರುವಾಗ ಹೇಳುವುದು ಒಂದು ವಿದ್ಯೆ. ಅದು ತಾನಾಗಿ ಬರುವುದಿಲ್ಲ.

ಈ ವಿದ್ಯೆಯ ಅಳವಡಿಕೆಗೆಂದೇ ನಿಯಮಗಳಲ್ಲಿ ಒಂದು ಏರ್ಪಾಡುಂಟು. ಡಿಪ್ಲೊಮಾ ಮುಗಿಸಿದವನು ಮೂರು ತಿಂಗಳಿಗೆ ಕಡಮೆಯಿಲ್ಲದಂತೆ ಐದು ನೂರು ಗಂಟೆಗಳ ಕಾಲ ಆಸ್ಪತ್ರೆಯಲ್ಲೋ ಔಷಧದ ಅಂಗಡಿಯಲ್ಲೋ ಕೆಲಸ ಕಲಿಯಬೇಕು. ಅದರಲ್ಲಿ 250 ಗಂಟೆಗಳು ಚೀಟಿ ನೋಡಿ ಔಷಧ ಕೊಡುವ ಕೆಲಸಕ್ಕೇ ಮೀಸಲು. ಇದನ್ನು 1991ರ ಶಿಕ್ಷಣ ನಿಯಮಗಳು ಹೇಳಿದವು. 2020ರ ನಿಯಮಗಳು ಪಠ್ಯಕ್ರಮಕ್ಕೆ ಸಮಾಜದ ಔಷಧವಿದ್ಯೆ, ರೋಗಿಗೆ ತಿಳಿವಳಿಕೆ ಹೇಳುವ ಅಭ್ಯಾಸ ಮೊದಲಾದವನ್ನು ಸೇರಿಸಿ ಬಲಪಡಿಸಿವೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದನ್ನು ಬಯಸುವಂತಿಲ್ಲ. ವಿದ್ಯಾರ್ಥಿ, ಕಲಿಸುವವನು, ಸಂಸ್ಥೆ ಈ ಮೂವರ ಸಹಿಯುಳ್ಳ ಕರಾರುಪತ್ರವೂ ಉಂಟು.

ನಡೆಯುವುದೇನೆಂದು ಊರಿನ ಯಾವ ಔಷಧ ವ್ಯಾಪಾರಿಯನ್ನು ಕೇಳಿದರೂ ಹೇಳುತ್ತಾನೆ. ಪರಿಚಯದವರ ಅಂಗಡಿಯ ಮೊಹರು ಬೀಳುತ್ತದೆ. ಐದು ನೂರು ಗಂಟೆಗಳು ಐದು ನಿಮಿಷಗಳಲ್ಲಿ ಮುಗಿಯುತ್ತವೆ. ಪ್ರಾಮಾಣಿಕವಾಗಿ ಹೋದ ಹುಡುಗನಿಗೂ ಪೆಟ್ಟಿಗೆಗಳನ್ನು ಹತ್ತಿಳಿಸುವ, ಅವಧಿ ಮೀರಿದ ಮಾಲನ್ನು ಬೇರ್ಪಡಿಸುವ ಕೆಲಸ ಸಿಕ್ಕೀತೇ ಹೊರತು ಚೀಟಿಯನ್ನು ಓದಿ ಪ್ರಶ್ನೆ ಕೇಳುವ ಪಾಠ ಸಿಗುವುದಿಲ್ಲ. ಸಿಗುವುದಾದರೂ ಹೇಗೆ? ಎಷ್ಟೋ ಅಂಗಡಿಗಳಲ್ಲಿ ಗೋಡೆಯ ಮೇಲೆ ಪ್ರಮಾಣಪತ್ರ ತೂಗುತ್ತದೆ. ಅದರಲ್ಲಿ ಹೆಸರಿರುವ ಮನುಷ್ಯನು ಮಾತ್ರ ಅಂಗಡಿಯಲ್ಲಿ ಇರುವುದಿಲ್ಲ. ಪತ್ರವನ್ನು ಬಾಡಿಗೆಗೆ ಕೊಟ್ಟು ಅವನು ಬೇರೆ ಊರಿನಲ್ಲಿ ಬೇರೆ ಉದ್ಯೋಗದಲ್ಲಿರುತ್ತಾನೆ. ಕಲಿತದ್ದಕ್ಕೆ ಬೆಲೆಯಿಲ್ಲದೆ ಪತ್ರಕ್ಕೆ ಮಾತ್ರ ಬಾಡಿಗೆ ಬರುವಾಗ ಕಲಿಯಬೇಕೆಂಬ ಛಲ ವಿದ್ಯಾರ್ಥಿಗೆ ಎಲ್ಲಿಂದ ಹುಟ್ಟಬೇಕೆಂದು ಅಧ್ಯಾಪಕರು ಕೇಳಿದರೆ ನಮ್ಮಲ್ಲಿ ಸಿದ್ಧವಾದ ಉತ್ತರವಿಲ್ಲ. ಔಷಧ ನಿಯಂತ್ರಣ ಇಲಾಖೆಯವರು ಅಂಗಡಿಗಳಲ್ಲಿ ಮನುಷ್ಯನನ್ನು ಹುಡುಕಲು ಹೊರಟರೆ ಅರ್ಧ ಪಾಠ ತಾನಾಗಿ ನಡೆದೀತು. ಅದು ಆಗುವವರೆಗೆ ಕಾಲೇಜುಗಳು ಕೈಕಟ್ಟಿ ಕೂಡ್ರುವುದು ಮಾತ್ರ ಸರಿಯಲ್ಲ.

ಡಿಪ್ಲೊಮಾದವರಿಗೆ ನೋಂದಣಿಗೆ ಮುಂಚೆ ಇನ್ನೊಂದು ಪರೀಕ್ಷೆಯಾಗಬೇಕೆಂದು 2022ರಲ್ಲಿ ನಿಯಮ ಬಂದಿದೆ. ಉದ್ದೇಶ ಒಳ್ಳೆಯದು. ಆದರೆ ಮೂರು ಪತ್ರಿಕೆಗಳೂ ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವ ಬಗೆಯವು. ಉಬ್ಬಸದ ರೋಗಿಗೆ ಇನ್‌ಹೇಲರನ್ನು ಕುಲುಕಿ, ಉಸಿರನ್ನು ಹೊರಬಿಟ್ಟು, ತುಟಿಗಳನ್ನು ಬಿಗಿಯಾಗಿ ಮುಚ್ಚಿ, ಒತ್ತುವುದನ್ನೂ ನಿಧಾನವಾಗಿ ಎಳೆಯುವುದನ್ನೂ ಒಟ್ಟಿಗೆ ಮಾಡಿ, ಹತ್ತು ಎಣಿಸುವವರೆಗೆ ಉಸಿರು ಹಿಡಿಯಲು ಕಲಿಸಬಲ್ಲನೋ ಇಲ್ಲವೋ ಎಂಬುದು ಗೆರೆ ತಿದ್ದುವ ಹಾಳೆಯ ಮೇಲೆ ಗೊತ್ತಾಗುವುದಿಲ್ಲ. ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ ಹಾರ್ಡೆನ್ ಎಂಬ ಅಧ್ಯಾಪಕರೂ ಅವರ ಸಹಾಯಕರೂ 1975ರಲ್ಲಿ ವೈದ್ಯ ವಿದ್ಯಾರ್ಥಿಗಳಿಗಾಗಿ ಬೇರೊಂದು ಪರೀಕ್ಷೆಯನ್ನು ಪ್ರಕಟಿಸಿದರು. ಸಾಲಾಗಿ ಮೇಜುಗಳು, ಒಂದೊಂದರ ಬಳಿ ಒಂದೊಂದು ಕೆಲಸ, ಗಂಟೆ ಬಾರಿಸಿದೊಡನೆ ವಿದ್ಯಾರ್ಥಿ ಮುಂದಿನ ಮೇಜಿಗೆ ಸರಿಯಬೇಕು, ಪರೀಕ್ಷಕನು ಕೈಯಲ್ಲಿನ ಪಟ್ಟಿಯಲ್ಲಿ ಮಾಡಿದ್ದನ್ನೂ ಬಿಟ್ಟದ್ದನ್ನೂ ಗುರುತು ಹಾಕುತ್ತಾನೆ. ಎಲ್ಲರಿಗೂ ಅದೇ ಕೆಲಸ, ಅದೇ ಕಾಲ, ಅದೇ ಅಳತೆಗೋಲು. ಪರೀಕ್ಷಕನ ಕೃಪೆಗೆ ಎಡೆ ಕಡಮೆ. ಲೋಕದ ಅನೇಕ ಫಾರ್ಮಸಿ ಕಾಲೇಜುಗಳು ಇದನ್ನು ತೆಗೆದುಕೊಂಡಿವೆ. ನಮ್ಮಲ್ಲಿ 2008ರಲ್ಲಿ ಆರಂಭವಾದ ಆರು ವರ್ಷಗಳ ಫಾರ್ಮ್.ಡಿ. ಶಿಕ್ಷಣದಲ್ಲಿ ವಿದ್ಯಾರ್ಥಿಗಳು ವೈದ್ಯರೊಡನೆ ವಾರ್ಡುಗಳಲ್ಲಿ ಸುತ್ತುತ್ತಾರೆ, ಕೊನೆಯ ವರ್ಷವನ್ನೆಲ್ಲ ಆಸ್ಪತ್ರೆಯಲ್ಲೇ ಕಳೆಯುತ್ತಾರೆ. ಆ ಭಾಗ್ಯವು ಕೆಲವರದು. ಊರೂರಿನ ಅಂಗಡಿಯಲ್ಲಿ ನಿಲ್ಲುವವರು ಡಿಪ್ಲೊಮಾದವರು. ಮೇಜಿನ ಪರೀಕ್ಷೆ ಬೇಕಾದುದು ಅವರಿಗೆ. ಆರು ಮೇಜು, ಒಂದು ಗಂಟೆ, ರೋಗಿಯ ಪಾತ್ರ ವಹಿಸಲು ಕಾಲೇಜಿನ ಜವಾನನೋ ಗ್ರಂಥಪಾಲನೋ ಬಂದರಾಯಿತು.

ಅಧ್ಯಾಪಕರ ಕಷ್ಟವನ್ನು ನಾವು ಅರಿಯದವರಲ್ಲ. ಸ್ನಾತಕೋತ್ತರ ಪದವಿ ಪಡೆದ ಮರುತಿಂಗಳೇ ಪಾಠಕ್ಕೆ ನಿಂತ ತರುಣನು ತಾನೇ ಅಂಗಡಿಯಲ್ಲಿ ಒಂದು ವಾರವೂ ನಿಂತಿರುವುದಿಲ್ಲ. ಅವನ ಸಂಬಳವೂ ಅಷ್ಟಕ್ಕಷ್ಟೆ. ವರ್ಷಕ್ಕೆ ಹದಿನೈದು ದಿನ ಅಧ್ಯಾಪಕರನ್ನೇ ಜಿಲ್ಲಾ ಆಸ್ಪತ್ರೆಯ ಔಷಧ ವಿಭಾಗಕ್ಕೆ ಕಳುಹಿಸುವ ಏರ್ಪಾಡನ್ನು ಸರಕಾರ ಮಾಡಬಾರದೇಕೆ? ಐದು ನೂರು ಗಂಟೆಗಳ ತರಬೇತಿಯನ್ನೂ ಜಿಲ್ಲಾ ಮತ್ತು ತಾಲೂಕು ಆಸ್ಪತ್ರೆಗಳಲ್ಲೇ, ದಿನವಹಿ ಪುಸ್ತಕದಲ್ಲಿ ಇಂದು ಯಾರಿಗೆ ಏನು ಕೊಟ್ಟೆ, ಏನು ಹೇಳಿದೆ, ಯಾವ ಚೀಟಿಯಲ್ಲಿ ಸಂಶಯ ಬಂದು ವೈದ್ಯರನ್ನು ಕೇಳಿದೆ ಎಂದು ಬರೆಯಿಸುವ ಕಟ್ಟಳೆಯೊಡನೆ ನಡೆಸುವುದು ಅಸಾಧ್ಯವಲ್ಲ. ಸರಕಾರಿ ಆಸ್ಪತ್ರೆಗಳ ಔಷಧದ ಕಿಂಡಿಗಳ ಮುಂದೆ ಬೆಳಗ್ಗೆ ಹತ್ತು ಗಂಟೆಗೆ ನಿಲ್ಲುವ ಸಾಲನ್ನು ನೋಡಿದವರು, ಅಲ್ಲಿ ಇನ್ನೆರಡು ಕೈಗಳೂ ಇನ್ನೊಂದು ಬಾಯಿಯೂ ಬೇಡವೆನ್ನಲಾರರು.

ಕಾಲೇಜುಗಳಿಗೆ ಮನ್ನಣೆ ಕೊಡಲು ತಪಾಸಣೆಗೆ ಬರುವವರು ಕಟ್ಟಡದ ಚದರಡಿಗಳನ್ನು ಅಳೆಯುತ್ತಾರೆ, ಗ್ರಂಥಾಲಯದ ಪುಸ್ತಕಗಳನ್ನು ಎಣಿಸುತ್ತಾರೆ, ಉಪಕರಣಗಳ ರಸೀದಿಗಳನ್ನು ನೋಡುತ್ತಾರೆ. ಅವೆಲ್ಲವೂ ಆಗಲಿ. ಮುಂದಿನ ಸಲ ಬಂದಾಗ ಚಹ ಕುಡಿಯುವ ಮೊದಲು ಎರಡನೆಯ ವರ್ಷದ ಯಾವನಾದರೊಬ್ಬ ವಿದ್ಯಾರ್ಥಿಯನ್ನು ಕರೆದು, ಕೈಗೆ ಒಂದು ಇನ್‌ಹೇಲರನ್ನು ಕೊಟ್ಟು, ಎದುರಿಗೆ ಕೂತವರನ್ನು ತನ್ನೂರಿನ ಅಜ್ಜಿಯೆಂದೆಣಿಸಿ ಕನ್ನಡದಲ್ಲಿ ತಿಳಿಯಹೇಳೆಂದು ಕೇಳಲಿ. ಅವನು ಹೇಳಿದ್ದನ್ನು ವರದಿಯ ಮೊದಲ ಪುಟದಲ್ಲಿ ಬರೆದುಕೊಳ್ಳಲಿ.